ಕಡಲತಡಿಯಿಂದ ಅತ್ತೂರಿಗೆ: ಪಾದಚಾರಿಗಳ ಹಾದಿಯ ಚರಿತ್ರೆ

ಇಗರ್ಜಿಗಳ ಚರಿತ್ರೆಯನ್ನು ಅಡಿಗಲ್ಲು, ಗಂಟೆಗೋಪುರ ಮತ್ತು ಗುರುವರ್ಯರ ನಾಮಾವಳಿಯಿಂದ ಆರಂಭಿಸುವುದು ವಾಡಿಕೆ. ಆದರೆ ಮೋಟಾರು ವಾಹನಗಳಿಲ್ಲದ ಕಾಲದಲ್ಲಿ ಆ ಗಂಟೆಯ ಕರೆಗೆ ಓಗೊಟ್ಟು ಬಂದವರು ನಡೆದ ದಾರಿಗೂ ಒಂದು ಚರಿತ್ರೆಯುಂಟು. ಹಿರಿಯರು ತುಳಿದ ಹಾದಿಯ ತುಣುಕುಗಳನ್ನು ಜೋಡಿಸಿದರೆ ಕಾಪುವಿನಿಂದ ಹೊರಟು ಮಲ್ಪೆ, ಉಡುಪಿ, ಮಣಿಪಾಲ, ಕಾರ್ಕಳ, ಅತ್ತೂರು, ಬೆಳ್ಮಣ್, ಶಿರ್ವಗಳನ್ನು ಬಳಸಿ ಮತ್ತೆ ಕಾಪುವಿಗೇ ಮರಳುವ ಒಂದು ಪ್ರದಕ್ಷಿಣ ಪಥವಾಗುತ್ತದೆ. ಅಜಮಾಸು ತೊಂಬತ್ತು ಕಿಲೋಮೀಟರುಗಳ ಈ ದಾರಿಯನ್ನು ನಾಲ್ಕು ದಿನಗಳಲ್ಲಿ ಸಾವಕಾಶವಾಗಿ ನಡೆಯಬಹುದು.

ಕಾಪುವಿನ ಬಂಡೆಯ ಮೇಲೆ 1901ರಲ್ಲಿ ನಿರ್ಮಾಣಗೊಂಡ ದೀಪಸ್ತಂಭವೇ ನಮ್ಮ ಆರಂಭಸ್ಥಾನ. ಅಲ್ಲಿಂದ ಉತ್ತರಕ್ಕೆ ಮರಳ ದಂಡೆಯಲ್ಲೇ ಸಾಗಿದರೆ ಮಟ್ಟು ಗ್ರಾಮ. ಇಲ್ಲಿಯ ಗುಳ್ಳಬದನೆಯ ಬೀಜವನ್ನು ಸೋದೆ ಮಠದ ಶ್ರೀ ವಾದಿರಾಜರು ಅನುಗ್ರಹಿಸಿದರೆಂಬುದು ಊರವರ ನಂಬಿಕೆ. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರಕಿತು. ಮಟ್ಟುವಿನಿಂದ ಪಡುಕೆರೆಯ ತನಕ ಎಡಗಡೆ ಕಡಲು, ಬಲಗಡೆ ಹೊಳೆ, ನಡುವೆ ತೆಂಗಿನ ತೋಟಗಳ ಒಂದು ಕಿರಿದಾದ ಪಟ್ಟಿ. ಇಂದು ಸೇತುವೆಯ ಮೇಲೆ ಕ್ಷಣಮಾತ್ರದಲ್ಲಿ ಮಲ್ಪೆಗೆ ದಾಟುತ್ತೇವೆ. ಹಿಂದೆ ದೋಣಿಯವನ ಕೃಪೆಯಿಲ್ಲದೆ ಆಚೆ ದಡ ಸೇರುವಂತಿರಲಿಲ್ಲ. ದಾಟಿಸುವವನೂ ದಾಟುವವನೂ ಒಂದೇ ಮತದವರಾಗಿರಬೇಕೆಂಬ ನಿಯಮವನ್ನು ಹೊಳೆ ಎಂದೂ ವಿಧಿಸಲಿಲ್ಲ.

ಮಲ್ಪೆಯ ದಂಡೆಯಲ್ಲಿ ನಿಂತವರಿಗೆ ಪಶ್ಚಿಮದಲ್ಲಿ ಸೈಂಟ್ ಮೇರೀಸ್ ದ್ವೀಪಗಳು ಕಾಣಿಸುತ್ತವೆ. 1498ರಲ್ಲಿ ವಾಸ್ಕೋ ಡ ಗಾಮಾ ಇಲ್ಲಿ ಶಿಲುಬೆಯ ಕಂಬವನ್ನು ನೆಟ್ಟು ಮಾತೆ ಮರಿಯಮ್ಮನವರ ಹೆಸರನ್ನಿಟ್ಟನೆಂಬುದು ಪರಂಪರೆಯ ಮಾತು. ಆದರೆ ದ್ವೀಪದ ಕಲ್ಲುಕಂಬಗಳು ಮನುಷ್ಯಚರಿತ್ರೆಗಿಂತ ಬಹು ಪ್ರಾಚೀನವಾದವು. ಸುಮಾರು ಎಂಟೂಮುಕ್ಕಾಲು ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದಲ್ಲಿ ಹೊರಹೊಮ್ಮಿದ ಲಾವಾರಸವು ತಣಿದು, ಬಿರಿದು, ಬಹುಭುಜಗಳ ಸ್ತಂಭಗಳಾಯಿತೆಂದು ಭೂಗರ್ಭಶಾಸ್ತ್ರಜ್ಞರು ಹೇಳುತ್ತಾರೆ.

ಮಲ್ಪೆಯಿಂದ ಮೂಡಣಕ್ಕೆ ತಿರುಗಿ, ಉಡುಪಿಯ ರಥಬೀದಿಯನ್ನೂ ಶೋಕಮಾತಾ ಇಗರ್ಜಿಯನ್ನೂ ಕಂಡು ಮುಂದುವರಿದರೆ ಮಣಿಪಾಲದ ಏರು. ನಮ್ಮ ಕಡಲತೀರ ಬಹುಮಟ್ಟಿಗೆ ಸಮತಟ್ಟಾದ ಮರಳು. ಕಡಿದಾದ ಅಂಚನ್ನು ನೋಡಬೇಕಾದರೆ ಈ ಮುರಕಲ್ಲಿನ ಗುಡ್ಡವನ್ನೇ ಹತ್ತಬೇಕು. ‘ಮಣ್ಣ ಪಳ್ಳ’ವೆಂಬ ಕೆರೆಯಿಂದ ಹೆಸರು ಪಡೆದ ಈ ಬೋಳುಗುಡ್ಡದಲ್ಲಿ 1953ರಲ್ಲಿ ಡಾ. ಟಿ. ಎಂ. ಎ. ಪೈಯವರು ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ಎಂಡ್ ಪಾಯಿಂಟ್ ಎಂದು ಕರೆಯಲ್ಪಡುವ ಅದರ ಅಂಚಿನಿಂದ ಕೆಳಗೆ ಹರಿಯುವ ಸ್ವರ್ಣಾ ನದಿಯನ್ನು ನೋಡಬಹುದು. ಘಟ್ಟದ ತಪ್ಪಲಿನ ನೀರು ಕಡಲಿಗೆ ಇಳಿಯುವ ದಾರಿ ಅದು. ಕಡಲಿನ ಉಪ್ಪು ಮತ್ತು ಒಣಮೀನು ಮೇಲಕ್ಕೆ ಏರಿದ ದಾರಿ ನಮ್ಮದು.

ಹಿರಿಯಡ್ಕ, ಬೈಲೂರುಗಳನ್ನು ದಾಟುತ್ತಿರುವಂತೆ ಕಾಡಿನ ನೆರಳು ದಟ್ಟವಾಗುತ್ತದೆ. 1801ರಲ್ಲಿ ಕಂಪೆನಿ ಸರಕಾರದ ಅಪ್ಪಣೆಯಂತೆ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಕಾರ್ಕಳವನ್ನೂ ಉಡುಪಿಯನ್ನೂ ಕಂಡು ಬರೆದ ವೃತ್ತಾಂತವು 1807ರಲ್ಲಿ ಪ್ರಕಟವಾಯಿತು. ಕಾರ್ಕಳದ ಬಂಡೆಯ ಮೇಲೆ 1432ರಲ್ಲಿ ಪ್ರತಿಷ್ಠಾಪಿತನಾದ ನಲವತ್ತೆರಡು ಅಡಿಯ ಗೊಮ್ಮಟನು ದೂರದಿಂದಲೇ ದಾರಿಗರಿಗೆ ದಿಕ್ಕು ತೋರುತ್ತಾನೆ. ಎದುರಿನಲ್ಲಿ 1586ರ ಚತುರ್ಮುಖ ಬಸದಿ.

ಅನತಿದೂರದಲ್ಲೇ ಅತ್ತೂರಿನ ಸಂತ ಲಾರೆನ್ಸರ ಪುಣ್ಯಕ್ಷೇತ್ರ. ಈ ಧರ್ಮಕೇಂದ್ರ ಆರಂಭವಾದುದು 1759ರಲ್ಲಿ. ನಡೆಯುವುದೆಂದರೆ ಹಬ್ಬದ ಉಲ್ಲಾಸವೊಂದೇ ಅಲ್ಲವೆಂದು ನಾವು ನೆನೆಯಬೇಕಾದ ಸ್ಥಳವಿದು. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಸಾವಿರಾರು ಕ್ರೈಸ್ತರು ಸೆರೆಯಾಳುಗಳಾಗಿ ಘಟ್ಟ ಹತ್ತಿ ಶ್ರೀರಂಗಪಟ್ಟಣಕ್ಕೆ ನಡೆದರು. ಅನೇಕರು ದಾರಿಯಲ್ಲೇ ಮಡಿದರು. 1799ರಲ್ಲಿ ಬಿಡುಗಡೆ ಹೊಂದಿ ಮರಳಿದವರೂ ಕಾಲ್ನಡಿಗೆಯಲ್ಲೇ ಬಂದರು. ಬಂದು ನೋಡಿದರೆ ಇಗರ್ಜಿಗಳು ನೆಲಸಮ, ಗದ್ದೆಗಳು ಅನ್ಯರ ಕೈಯಲ್ಲಿ. ಅಂಥವರು ಮತ್ತೆ ಕಟ್ಟಿದ ಬಾಳಿನ ಫಲವೇ ಇಂದಿನ ನಮ್ಮ ಧರ್ಮಕೇಂದ್ರಗಳು. ಹೊಸ ದೇವಾಲಯಕ್ಕೆ ಸ್ಥಳ ಹುಡುಕುತ್ತ ಸಂತರ ಚಿಕ್ಕ ಮರದ ಪ್ರತಿಮೆಯನ್ನು ಹೊತ್ತು ನಡೆದವರು ಒಂದು ಒರತೆಯ ಬಳಿ ವಿಶ್ರಮಿಸಿದರೆಂದೂ, ಪ್ರತಿಮೆ ಅಲ್ಲಿಂದ ಕದಲಲಿಲ್ಲವೆಂದೂ ಐತಿಹ್ಯವಿದೆ. 1839ರಲ್ಲಿ ದೇವಾಲಯವು ಅಲ್ಲಿಯೇ ಎದ್ದಿತು. 2016ರಲ್ಲಿ ಅದಕ್ಕೆ ಬಸಿಲಿಕಾ ಪದವಿ ಲಭಿಸಿತು. ಜನವರಿಯ ಮಹೋತ್ಸವಕ್ಕೆ ಎಲ್ಲ ಮತಗಳವರೂ ಬರುತ್ತಾರೆ.

ಮರುಪಯಣ ನಿಟ್ಟೆ, ಬೆಳ್ಮಣ್ ಮಾರ್ಗವಾಗಿ ಶಿರ್ವದ ಆರೋಗ್ಯಮಾತೆಯ ಇಗರ್ಜಿಯತ್ತ. ಅನತಿದೂರದ ಶಂಕರಪುರದಲ್ಲಿ ಕ್ರೈಸ್ತ ಕುಟುಂಬಗಳೂ ಇತರರೂ ಮನೆಯಂಗಳದಲ್ಲೇ ಬೆಳೆಸುವ ಮಲ್ಲಿಗೆ, ಅಟ್ಟೆಯಾಗಿ ಕಟ್ಟಲ್ಪಟ್ಟು ದೇವಸ್ಥಾನಗಳಿಗೂ ಮದುವೆಯ ಚಪ್ಪರಗಳಿಗೂ ಹೋಗುತ್ತದೆ. ಶಿರ್ವದಿಂದ ಗದ್ದೆಗಳ ನಡುವೆ ಪಡುವಣಕ್ಕೆ ಇಳಿದರೆ ಪುನಃ ಕಾಪುವಿನ ದೀಪ.

ಈ ಪಥದ ಕೆಲವು ಭಾಗಗಳು ನಮ್ಮ ಕಣ್ಣೆದುರೇ ಅಳಿಯುತ್ತಿವೆ. ದಂಡೆಯನ್ನು ಕಡಲು ಕೊರೆಯುತ್ತಿದೆ. ಹೆದ್ದಾರಿ ಅಗಲವಾದಾಗ ಸಾಲುಮರಗಳು ಉರುಳಿದವು. ಗದ್ದೆಯ ಹುಣಿಗಳಿಗೆ ಆವರಣಗೋಡೆಗಳು ಅಡ್ಡ ಬಂದಿವೆ. ದಾರಿ ಅಳಿದರೆ, ಆಸರು ಎಂದು ಬಂದ ದಾರಿಗನಿಗೆ ಜಾತಿ ಕೇಳದೆ ಬೆಲ್ಲ ನೀರು ಕೊಟ್ಟ ಮನೆಗಳ ನೆನಪೂ ಅಳಿಯುತ್ತದೆ. ಕಲ್ಲಿನ ಕಟ್ಟಡವನ್ನು ಜೀರ್ಣೋದ್ಧಾರ ಮಾಡಲು ಹಣ ಬೇಕು. ಕಾಲುದಾರಿಯ ಜೀರ್ಣೋದ್ಧಾರಕ್ಕೆ ನಡೆಯುವ ಕಾಲುಗಳು ಸಾಕು. ಈ ಶತಮಾನೋತ್ಸವ ವರ್ಷದಲ್ಲಿ ನಮ್ಮ ಯುವಜನರು, ದಾರಿಯನ್ನು ಬಲ್ಲ ಹಿರಿಯರು ಇನ್ನೂ ನಮ್ಮೊಡನಿರುವಾಗಲೇ, ಅವರನ್ನು ಕೇಳಿಕೊಂಡು ಒಮ್ಮೆಯಾದರೂ ಈ ಸುತ್ತನ್ನು ನಡೆದು ಪೂರೈಸಲಿ.