ಮಾಹಿತಿ ಹಕ್ಕು: ಮೇಜಿನ ಈಚೆ ಕಡೆಯಿಂದ

ಮಾಹಿತಿ ಹಕ್ಕು ಅಂದಕೂಡಲೇ ಎಲ್ಲರಿಗೂ ಅರ್ಜಿ ಹಾಕಿದವರ ಕಥೆಯೇ ನೆನಪಾಗುತ್ತೆ. ಉತ್ತರ ಬರೆದವರ ಕಥೆ ಕೇಳಿದ್ದೀರಾ? ನಾನು ಆ ಕಡೆಯವನು :)

ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಕೇಳಿದ್ದು ಬಹಳ ಸರಳ: ಕೂಲಿ ಪಟ್ಟಿ ತೋರಿಸಿ. 1994ರಿಂದ ಶುರುವಾದ ಜನಸುನವಾಯಿಗಳಲ್ಲಿ ಪಟ್ಟಿಗಳನ್ನು ಊರ ಮುಂದೆ ಓದಿದಾಗ, ಕೆಲಸವೇ ಮಾಡದವರ ಹೆಸರುಗಳು ಹೊರಬಂದವು. ನಮ್ಮ ಕರ್ನಾಟಕ 2000ದಲ್ಲೇ ತನ್ನದೇ ಕಾಯಿದೆ ಮಾಡಿತ್ತು. ಕೇಂದ್ರದ್ದು ಪೂರ್ತಿ ಜಾರಿಗೆ ಬಂದದ್ದು 2005ರ ಅಕ್ಟೋಬರ್ 12ಕ್ಕೆ.

ಅದರ ಜತೆಗೇ ಬಂದವನು ಸಾರ್ವಜನಿಕ ಮಾಹಿತಿ ಅಧಿಕಾರಿ. ಹೊಸ ಹುದ್ದೆ ಅಂದುಕೊಳ್ಳಬೇಡಿ... ಇದ್ದ ಅಧಿಕಾರಿಯ ಹೆಗಲಿಗೇ ಇನ್ನೊಂದು ಹೊರೆ. 30 ದಿನದೊಳಗೆ ಉತ್ತರ ಕೊಡಬೇಕು. ಜೀವ, ಸ್ವಾತಂತ್ರ್ಯದ ವಿಷಯವಾದರೆ 48 ಗಂಟೆಯೊಳಗೆ. ಸಕಾರಣವಿಲ್ಲದೆ ತಡಮಾಡಿದರೆ ದಿನಕ್ಕೆ 250 ರೂಪಾಯಿ, ಗರಿಷ್ಠ 25,000 ದಂಡ. ಅದೂ ಇಲಾಖೆಯ ದುಡ್ಡಲ್ಲ, ಅಧಿಕಾರಿಯ ಜೇಬಿನದ್ದು!

ಇಷ್ಟು ವರ್ಷ ಇದನ್ನೇ ಮಾಡಿ ನಾನು ಕಂಡದ್ದು ಇಷ್ಟು: ಮುಚ್ಚಿಡುವವರಿಗಿಂತ, ಹುಡುಕಿದರೂ ಸಿಗದ ಕಡತವೇ ದೊಡ್ಡ ಅಡ್ಡಿ. ಕಡತಗಳನ್ನು ಪಟ್ಟಿಮಾಡಿ ಸೂಚಿ ಇಡಿ ಅಂತ ಕಾಯಿದೆಯ 4ನೇ ಸೆಕ್ಷನ್ನೇ ಹೇಳುತ್ತೆ. ಹಾಗೆ ಇಟ್ಟ ಕಡೆ ಉತ್ತರಕ್ಕೆ ಒಂದು ದಿನ ಸಾಕು. ರೆಕಾರ್ಡ್ ರೂಮಿನ ಗುಮಾಸ್ತನನ್ನು ಬಿಟ್ಟು ಈ ಹಕ್ಕಿನ ಇತಿಹಾಸ ಬರೆಯೋದು ಹೇಗೆ, ನೀವೇ ಹೇಳಿ.