ಜಗಲಿಯ ಫೋಟೋ, ಅಂಚಿನ ಸಹಿ

ಒಂದು ಚಿತ್ರದ ಇಂತಿಷ್ಟೇ ಪ್ರತಿಗಳನ್ನು ಮುದ್ರಿಸಿ, ಕೆಳಗಿನ ಬಿಳಿ ಅಂಚಿನಲ್ಲಿ ಕಲಾವಿದರು ಪೆನ್ಸಿಲಿನಿಂದ ಸಹಿ ಹಾಕಿ, 12/250 ಎಂಬಂತೆ ಕ್ರಮಸಂಖ್ಯೆ ಬರೆದು, ಆಮೇಲೆ ಅಚ್ಚನ್ನೇ ಅಳಿಸಿಬಿಡುವ ಪದ್ಧತಿಯ ಮೇಲೆ ಪಾಪ್ ಕಲೆಯ ಸಂಗ್ರಾಹಕರ ಲೋಕ ನಿಂತಿದೆ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಮುದ್ರಿತ ಚಿತ್ರಕ್ಕೆ ಮನ್ನಣೆ ಸಿಕ್ಕಿದ್ದು ಇದಕ್ಕೆ ತೀರ ಎದುರಾದ ದಾರಿಯಲ್ಲಿ. ಅಪರೂಪವೆಂದಲ್ಲ, ಮನೆಮನೆಯಲ್ಲೂ ಇದೆಯೆಂದು.

ಕನ್ನಡಕ್ಕೆ ಕಲ್ಲಚ್ಚು, ಅಂದರೆ ನುಣುಪಾದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು ಕಾಗದಕ್ಕೆ ಒತ್ತುವ ವಿಧಾನ, ಹೊಸದೇನಲ್ಲ. 1843ರಲ್ಲಿ ಹೊರಟ 'ಮಂಗಳೂರು ಸಮಾಚಾರ' ಪತ್ರಿಕೆ ಅಚ್ಚಾದದ್ದು ಹಾಗೆಯೇ. ಆದರೆ ಬೆಳಗಾವಿ ಜಿಲ್ಲೆ ಆಗ ಮುಂಬೈ ಪ್ರಾಂತಕ್ಕೆ ಸೇರಿದ್ದರಿಂದ, ಇಲ್ಲಿಗೆ ಬಣ್ಣದ ಚಿತ್ರಗಳು ಬರುವ ದಾರಿ ಪುಣೆ-ಮುಂಬೈಗಳ ಕಡೆಯದು. ಪುಣೆಯಲ್ಲಿ 1878ರಲ್ಲಿ ಚಿತ್ರಶಾಳಾ ಮುದ್ರಣಾಲಯ ಆರಂಭವಾಯಿತು. 1894ರಲ್ಲಿ ಮುಂಬೈಯಲ್ಲಿ ಸ್ಥಾಪನೆಯಾದ ಚಿತ್ರಕಾರ ರವಿವರ್ಮನ ಮುದ್ರಣಾಲಯ ಮುಂದೆ ಲೋಣಾವಳ ಸಮೀಪದ ಮಳವಲಿಗೆ ಹೋಗಿ, ಜರ್ಮನ್ ತಂತ್ರಜ್ಞ ಫ್ರಿಟ್ಸ್ ಶ್ಲೈಷರ್‌ನ ಕೈಸೇರಿತು. ಬಣ್ಣಕ್ಕೊಂದು ಕಲ್ಲಿನಂತೆ ಒಂದರ ಮೇಲೊಂದು ಒತ್ತಿ, ಮೇಲೆ ವಾರ್ನಿಶ್ ಬಳಿದು, ತೈಲಚಿತ್ರದ ಹೊಳಪು ಬರುವಂತೆ ಮಾಡಿದ ಈ ಮುದ್ರಣಗಳಿಗೆ ಓಲಿಯೋಗ್ರಾಫ್ ಎಂದು ಹೆಸರು.

ಕ್ಯಾಮೆರಾಕ್ಕೆ ಯಾವ ಸಂಬಂಧವೂ ಇಲ್ಲದ ಈ ಚಿತ್ರಗಳನ್ನು ಜನ ಕರೆದದ್ದು ಮಾತ್ರ 'ದೇವರ ಫೋಟೋ' ಎಂದು. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಭರತ ಹುಣ್ಣಿಮೆಗೆ ಹೋದವರು ಭಂಡಾರದ ಜೊತೆ ಅಮ್ಮನ ಫೋಟೋವನ್ನೂ ತಂದು ಜಗಲಿಯ ಮೇಲಿಡುತ್ತಾರೆ, ಉತ್ತರ ಕರ್ನಾಟಕದಲ್ಲಿ ಜಗಲಿಯೆಂದರೆ ದೇವರ ಕಟ್ಟೆ. ಅಲ್ಲಿ ಅದು ಕಲಾಕೃತಿಯಾಗಿ ಉಳಿಯುವುದಿಲ್ಲ. ಗಾಜಿನ ಮೇಲೆ ಕುಂಕುಮದ ಬೊಟ್ಟು ಬೀಳುತ್ತದೆ, ಊದಿನಕಡ್ಡಿಯ ಹೊಗೆಗೆ ಮೇಲ್ಭಾಗ ಕಂದುತ್ತದೆ. ಕೆಲವು ಹಳೆಯ ಓಲಿಯೋಗ್ರಾಫ್‌ಗಳಲ್ಲಿ ದೇವಿಯ ಸೀರೆಯಷ್ಟಕ್ಕೇ ಬಟ್ಟೆ ಅಂಟಿಸಿ, ಜರಿ-ಚಮಕಿ ಹೊಲಿದಿರುವುದುಂಟು. ಸಾವಿರದಲ್ಲಿ ಒಂದಾಗಿದ್ದ ಪ್ರತಿ ಹೀಗೆ ಮನೆಯ ಹೆಣ್ಣುಮಕ್ಕಳ ಸೂಜಿಯಿಂದ ಒಂದೇ ಒಂದಾಗುತ್ತದೆ. ಸಂಗ್ರಾಹಕನಿಗೆ ನಷ್ಟವಾದದ್ದು ಬೇರೆ ಕಡೆ: ಮುದ್ರಣಾಲಯದ ಹೆಸರು ಮತ್ತು ಚಿತ್ರದ ಸಂಖ್ಯೆ ಇರುತ್ತಿದ್ದುದು ಕೆಳಗಿನ ಅಂಚಿನಲ್ಲಿ, ಕಟ್ಟು ಹಾಕುವವರು ಚೌಕಟ್ಟಿಗೆ ಹೊಂದಿಸಲು ಮೊದಲು ಕತ್ತರಿಸಿ ಎಸೆಯುತ್ತಿದ್ದುದೂ ಅದೇ ಅಂಚನ್ನು. ಮುಕ್ಕಾದ ಫೋಟೋವನ್ನು ಹೊಳೆಗೆ ಬಿಡುವ ಇಲ್ಲವೇ ಗಿಡದ ಬುಡಕ್ಕಿಡುವ ವಾಡಿಕೆ ಸೇರಿದರೆ, ಇಲ್ಲಿ ಹಳೆಯ ಪ್ರತಿಗಳು ಏಕೆ ವಿರಳವೆಂಬುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಆಫ್‌ಸೆಟ್ ಮುದ್ರಣ ಬಂದಮೇಲೆ ಕ್ಯಾಲೆಂಡರಿನ ಕಾಲ, ಕಲಬುರ್ಗಿಯ ಎಸ್.ಎಂ. ಪಂಡಿತ್ (1916-1993) ಅವರ ಕುಂಚದ ಪುರಾಣಪುರುಷರು ಗೋಡೆಗೆ ಬಂದದ್ದು ಹೀಗೆ. ದೇವರ ಸಾಲಿಗೆ ಈ ಸೀಮೆ ತನ್ನದೇ ಒಂದು ಚಿತ್ರವನ್ನು ಸೇರಿಸಿತು: ಕತ್ತಿ ಹಿರಿದು ಕುದುರೆಯೇರಿದ ಕಿತ್ತೂರು ಚೆನ್ನಮ್ಮ. 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡ ರಾಣಿಯ ಸಮಾಧಿ ಅಲ್ಲಿಯೇ ಇದ್ದರೂ, ಜನರ ಕಣ್ಣಿಗೆ ಕಟ್ಟಿದ್ದು ಸೆರೆಯ ರಾಣಿಯಲ್ಲ, ಈ ಕುದುರೆಯೇರಿದವಳು.

ಸ್ಕ್ರೀನ್ ಪ್ರಿಂಟಿನ ಕಥೆ ಬೇರೆ. ಚೌಕಟ್ಟಿಗೆ ಬಿಗಿದ ತೆಳು ಬಟ್ಟೆಯಲ್ಲಿ ಬೇಡದ ಭಾಗವನ್ನು ಮುಚ್ಚಿ, ಉಳಿದ ಕಡೆಯಿಂದ ರಬ್ಬರ್ ಪಟ್ಟಿಯಿಂದ ಬಣ್ಣ ಎಳೆಯುವ ಈ ವಿಧಾನಕ್ಕೆ ಇಂಗ್ಲೆಂಡಿನ ಸ್ಯಾಮ್ಯುಯೆಲ್ ಸೈಮನ್ 1907ರಲ್ಲಿ ಪೇಟೆಂಟ್ ಪಡೆದ. ಅಂಗಡಿ ಫಲಕಗಳ ಈ ಕಸುಬನ್ನು ಪಾಪ್ ಕಲಾವಿದ ಆ್ಯಂಡಿ ವಾರ್ಹಾಲ್ ಗ್ಯಾಲರಿಗೆ ತಂದ. 1967ರ ಅವನ ಮರ್ಲಿನ್ ಮನ್ರೋ ಮಾಲಿಕೆಯಲ್ಲಿ ಹತ್ತು ಚಿತ್ರಗಳು, ಒಂದೊಂದಕ್ಕೆ 250 ಪ್ರತಿಗಳು, ಕಲಾವಿದನ ಪಾಲಿನವು 26. ಅಗ್ಗದ ಪ್ರಚಾರಚಿತ್ರವೊಂದನ್ನು ಎಣಿಸಿ ಇಟ್ಟದ್ದೇ ಅದರ ಚಮತ್ಕಾರ. ಆಮೇಲೆ ಯುರೋಪಿನಲ್ಲಿ ಎಣಿಕೆಯಿಲ್ಲದ ಪ್ರತಿಗಳು ಹೊರಬಂದಾಗ, ಅವುಗಳಲ್ಲಿ ಕೆಲವಕ್ಕೆ ಅವನು 'ಇದು ನನ್ನದಲ್ಲ' ಎಂದು ಬರೆದು ಸಹಿ ಹಾಕಿದ. ಈಗ ಅವಕ್ಕೂ ಗಿರಾಕಿಗಳಿದ್ದಾರೆ.

ಇದೇ ತಂತ್ರ ತಾಲೂಕು ಕೇಂದ್ರಗಳಲ್ಲಿ ಲಗ್ನಪತ್ರಿಕೆಗೂ ಬಟ್ಟೆಯಂಗಡಿಯ ಚೀಲಕ್ಕೂ ದುಡಿಯಿತು. ಆ ಚೀಲಗಳನ್ನು ಕೂಡಿಟ್ಟವರು ಯಾರೂ ಕಾಣರು, ಅದೊಂದು ಕೊರತೆಯೇ. ಭಾರತದ ಕಲಾವಿದರಲ್ಲಿ ಅಚ್ಚುಚಿತ್ರದ ಅಭ್ಯಾಸ ಬೆಳೆದದ್ದು ಬರೋಡದ ಜ್ಯೋತಿ ಭಟ್ ಮೊದಲಾದವರಿಂದ. ಗ್ಯಾಲರಿಗಳು ಈಚೆಗೆ 'ಸೆರಿಗ್ರಾಫ್' (ಸ್ಕ್ರೀನ್ ಪ್ರಿಂಟ್) ಎಂಬ ಹೆಸರಿನಲ್ಲಿ ಮಾರುವ ಸಹಿಯುಳ್ಳ ಪ್ರತಿಗಳಲ್ಲಿ ಎಷ್ಟೋ, ಆಗಲೇ ಇರುವ ತೈಲಚಿತ್ರದ ನಕಲುಗಳು. ಸ್ಕ್ರೀನ್ ಪ್ರಿಂಟಿಗಾಗಿಯೇ ಕಲ್ಪಿಸಿದ ಕೃತಿಗೂ ಇವಕ್ಕೂ ಇರುವ ಅಂತರವನ್ನು ಸಹಿ ಮರೆಸುತ್ತದೆ.

ಬೆಂಗಳೂರಿನಲ್ಲಿ 2023ರಲ್ಲಿ ಬಾಗಿಲು ತೆರೆದ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯ ಅಭಿಷೇಕ್ ಪೊದ್ದಾರ್ ಅವರ ಸಂಗ್ರಹದಿಂದ ಬೆಳೆದದ್ದು; ಅದು ಆಧುನಿಕ ಕೃತಿಗಳ ಪಕ್ಕದಲ್ಲಿಯೇ ಜನಪ್ರಿಯ ಮುದ್ರಣಗಳಿಗೂ ಜಾಗ ಕೊಟ್ಟಿದೆ. ಅದಕ್ಕೂ ಮೊದಲೇ, 2000-2004ರ ನಡುವೆ, ಕಲಾವಿದೆ ಪುಷ್ಪಮಾಲಾ ಎನ್. ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ಮಾಡಿದ ಛಾಯಾಚಿತ್ರ ಮಾಲಿಕೆಯಲ್ಲಿ ರವಿವರ್ಮನ ಲಕ್ಷ್ಮಿಯಾಗಿ ತಾವೇ ನಿಂತರು. ಬಣ್ಣ ಬಳಿದ ಪರದೆ, ಬಾಡಿಗೆಯ ಆಭರಣದಂಥ ಥಳಕು ಎಲ್ಲ ಕಾಣುವಂತೆಯೇ. ಜಗಲಿಯಲ್ಲಿ ಎಣಿಕೆಯಿಲ್ಲದೆ ಕೂತಿದ್ದ ಲಕ್ಷ್ಮಿ ಅಲ್ಲಿ ಕಲಾವಿದೆಯ ಹೆಸರು ಹೊತ್ತು ಗ್ಯಾಲರಿಯ ಗೋಡೆಗೆ ಬಂದಳು, ಕುಂಕುಮದ ಬೊಟ್ಟಿಲ್ಲದೆ.