ಆರ್ವಿಡ್ ಕಾರ್ಲ್‌ಸನ್

ಆರ್ವಿಡ್ ಕಾರ್ಲ್‌ಸನ್ (1923–2018) ಸ್ವೀಡನ್ನಿನ ಪ್ರಸಿದ್ಧ ನರವಿಜ್ಞಾನಿ. ಡೋಪಮೈನ್ ಮೆದುಳಿನಲ್ಲಿ ಸಂದೇಶ ಸಾಗಿಸುವ ರಾಸಾಯನಿಕವೆಂದು ತೋರಿಸಿದವರು.

ಜನನ, ಶಿಕ್ಷಣ
1923ರ ಜನವರಿ 25ರಂದು ಉಪ್ಸಾಲಾದಲ್ಲಿ ಜನಿಸಿದರು. ಲುಂಡ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿ 1951ರಲ್ಲಿ ಪದವಿ ಪಡೆದರು. ಅಮೆರಿಕದಲ್ಲಿ ಬರ್ನಾರ್ಡ್ ಬ್ರೋಡಿಯವರ ಪ್ರಯೋಗಾಲಯದಲ್ಲಿ ಐದು ತಿಂಗಳು ಕಲಿತ ಮೇಲೆ ಮೆದುಳಿನ ಅಧ್ಯಯನಕ್ಕೆ ತೊಡಗಿದರು. 1959ರಲ್ಲಿ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಔಷಧಶಾಸ್ತ್ರದ ಪ್ರಾಧ್ಯಾಪಕರಾದರು.

ಡೋಪಮೈನ್ ಸಂಶೋಧನೆ
ಭಾರತದಲ್ಲಿ ಬಹುಕಾಲದಿಂದ ಔಷಧವಾಗಿ ಬಳಕೆಯಲ್ಲಿರುವ ಸರ್ಪಗಂಧಿಯ ಬೇರಿನಿಂದ ರಿಸರ್ಪಿನ್ ದೊರೆಯುತ್ತದೆ. ಮಾನಸಿಕ ಕಾಯಿಲೆಗೂ ಇದನ್ನು ಕೊಡುತ್ತಿದ್ದರು. ರಿಸರ್ಪಿನ್ ಕೊಟ್ಟಾಗ ಮೊಲಗಳು ಅಲುಗಾಡದೆ ಬಿದ್ದಿರುತ್ತಿದ್ದವು. ಎಲ್-ಡೋಪಾ ಚುಚ್ಚಿದ ಸ್ವಲ್ಪ ಹೊತ್ತಿನಲ್ಲೇ ಎದ್ದು ಓಡಾಡಿದವು. ಕಾರ್ಲ್‌ಸನ್ ಇದನ್ನು 1957ರಲ್ಲಿ ಪ್ರಕಟಿಸಿದರು. ಆವರೆಗೆ ಡೋಪಮೈನ್‌ಗೆ ಸ್ವಂತ ಕೆಲಸವಿಲ್ಲ, ಅದು ನಾರ್‌ಅಡ್ರಿನಾಲಿನ್ ತಯಾರಾಗುವಾಗಿನ ಒಂದು ಹಂತ ಮಾತ್ರ ಎಂಬ ನಂಬಿಕೆಯಿತ್ತು. 1960ರ ಲಂಡನ್ ಸಭೆಯಲ್ಲಿ ಹಿರಿಯ ವಿಜ್ಞಾನಿಗಳು ಅವರ ವಾದವನ್ನು ಒಪ್ಪಲಿಲ್ಲ. ಅವರು ಸಂಶೋಧನೆ ಬಿಡಲಿಲ್ಲ. ಎಲ್-ಡೋಪಾ ಇಂದಿಗೂ ಪಾರ್ಕಿನ್‌ಸನ್ ಕಾಯಿಲೆಯ ಮುಖ್ಯ ಔಷಧ.

ಮನೋರೋಗಗಳ ಅಧ್ಯಯನ
ಮೆದುಳಿನ ಕೋಶಗಳಲ್ಲಿ ಡೋಪಮೈನ್‌ನಂಥ ಸಂದೇಶವಾಹಕಗಳನ್ನು ಸ್ವೀಕರಿಸುವ ಗ್ರಾಹಕಗಳಿವೆ. ಸ್ಕಿಜೋಫ್ರೇನಿಯಾಕ್ಕೆ ಕೊಡುವ ಔಷಧಗಳು ಈ ಗ್ರಾಹಕಗಳನ್ನು ತಡೆಯುತ್ತವೆ ಎಂದು 1963ರಲ್ಲಿ ಮಾರ್ಗಿಟ್ ಲಿಂಡ್‌ಕ್ವಿಸ್ಟ್ ಅವರೊಂದಿಗೆ ಸೂಚಿಸಿದರು. ಖಿನ್ನತೆಗೆ ಅವರು ರೂಪಿಸಲು ನೆರವಾದ ಜಿಮೆಲಿಡಿನ್ ಗಂಭೀರ ಅಡ್ಡಪರಿಣಾಮದಿಂದಾಗಿ 1983ರಲ್ಲಿ ನಿಂತಿತು. ಆದರೆ ಅದೇ ವರ್ಗದ ಬೇರೆ ಔಷಧಗಳು ಇಂದು ಲೋಕದೆಲ್ಲೆಡೆ ಬಳಕೆಯಲ್ಲಿವೆ. ಮನಸ್ಸಿನ ಕಾಯಿಲೆ ರೋಗಿಯ ದೌರ್ಬಲ್ಯವಲ್ಲ, ಚಿಕಿತ್ಸೆ ಪಡೆಯಬೇಕಾದ ಅನಾರೋಗ್ಯ ಎಂಬ ತಿಳಿವಳಿಕೆಗೆ ಇಂಥ ಸಂಶೋಧನೆಗಳು ಬಲ ನೀಡಿವೆ.

ಗೌರವ, ನಿಧನ
2000ದಲ್ಲಿ ಪಾಲ್ ಗ್ರೀನ್‌ಗಾರ್ಡ್ ಮತ್ತು ಎರಿಕ್ ಕಾಂಡೆಲ್ ಅವರೊಂದಿಗೆ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. 2018ರ ಜೂನ್ 29ರಂದು, 95ನೆಯ ವಯಸ್ಸಿನಲ್ಲಿ ನಿಧನರಾದರು.